ಕಾಂಬೋ ಪುಟದಲ್ಲಿ ಬಿಡಿ ರೇಟ್ ಯಾಕೆ ಇರುವುದಿಲ್ಲ?

ಪಟ್ಟಿ_ಓದುವವ

ಆನ್‌ಲೈನ್‌ನಲ್ಲಿ ಕ್ಯಾಮೆರಾ ಹುಡುಕಿದವರಿಗೆ ಈ ತರಹದ ಪುಟ ಸಿಕ್ಕೇ ಸಿಕ್ಕಿರುತ್ತದೆ. ಕ್ಯಾಮೆರಾ, ಒಂದು ಲೆನ್ಸ್, ಜೊತೆಗೆ "34 ಐಟಂ ಕಿಟ್". ಫೋಟೋದಲ್ಲಿ ಮಧ್ಯೆ ಕ್ಯಾಮೆರಾ. ಸುತ್ತ ಬ್ಯಾಗು, ಟ್ರೈಪಾಡ್, ಫಿಲ್ಟರ್, ಬ್ರಷ್ಷು, ಬಟ್ಟೆ. ಮೇಲಿಂದ ನೋಡಿದರೆ ಅರ್ಧ ಅಂಗಡಿಯನ್ನೇ ಕಟ್ಟಿ ಕಳಿಸುತ್ತಾರೆ ಅನ್ನಿಸಬೇಕು.

ಪಟ್ಟಿಯನ್ನು ಪೂರ್ತಿ ಓದಿ ನೋಡಿ. ಬಾಡಿ ಮುಚ್ಚಳ, ಲೆನ್ಸ್ ಮುಚ್ಚಳ, ಕುತ್ತಿಗೆಗೆ ಹಾಕುವ ಪಟ್ಟಿ, ಬ್ಯಾಟರಿ, ಚಾರ್ಜರ್, ಕೇಬಲ್. ಇವೆಲ್ಲ ಕಂಪನಿಯವರೇ ಡಬ್ಬದಲ್ಲಿ ಇಟ್ಟು ಕಳಿಸುವಂಥವು. ಅವನ್ನೂ ಒಂದೊಂದಾಗಿ ಎಣಿಸಿ ಕಿಟ್‌ಗೆ ಸೇರಿಸಿದ್ದಾರೆ. ಸ್ಕ್ರೀನ್ ಗಾರ್ಡ್ ಎರಡು ಇದ್ದರೆ ಎರಡು ಐಟಂ. ಅದನ್ನು ಒರೆಸುವ ಬಟ್ಟೆ ಬೇರೆ ಐಟಂ. ಮುಚ್ಚಳ ಕಳೆದುಹೋಗದ ಹಾಗೆ ಕಟ್ಟುವ ದಾರ, ಅದೂ ಒಂದು ಐಟಂ. ಹೀಗೆ ಎಣಿಸಿದರೆ 34 ಏನು, 50 ಬೇಕಾದರೂ ಆಗುತ್ತದೆ.

ಸಾಮಾನು ಕಳಪೆ ಅನ್ನುವುದು ಬೇರೆ ಮಾತು. ನನ್ನ ತಕರಾರು ಅದಲ್ಲ. ಬಾಡಿ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ, ಒಂದಕ್ಕೆ ಎಷ್ಟು, ಟ್ರೈಪಾಡ್‌ಗೆ ಎಷ್ಟು, ಕಾರ್ಡ್ ಯಾವ ಕಂಪನಿಯದು ಅಂತ ಆ ಪುಟದಲ್ಲಿ ಎಲ್ಲೂ ಇಲ್ಲ. ಬಾಡಿ ಮಾತ್ರ ಬೇಕು ಅಂದರೆ ಅದೇ ಸೆಲ್ಲರ್ ಹತ್ತಿರ ಇಲ್ಲ. ಬಿಡಿಯಾಗಿಯೂ ಸಿಗುತ್ತದೆ, ಒಟ್ಟಿಗೆ ತಗೊಂಡರೆ ಕಮ್ಮಿ ಅಂದರೆ ಅದು ಆಫರ್. ಬಿಡಿ ರೇಟ್ ತೋರಿಸದೇ ಒಟ್ಟಿಗೇ ತಗೋ ಅಂದರೆ ಹೋಲಿಸಿ ನೋಡುವ ದಾರಿಯನ್ನೇ ಮುಚ್ಚಿದ ಹಾಗೆ, ಅಲ್ವಾ?

ಮಾರುವವರು ಯಾರಾದರೂ ಇದ್ದರೆ ನೇರವಾಗಿ ಹೇಳಿ. ಯಾಕೆ ಹೀಗೆ?

ಮಾರೋ_ಕಡೆಯವ

ನಾನು ಮಾರುತ್ತೇನೆ. ಕ್ಯಾಮೆರಾ ಅಲ್ಲ, ಮೊಬೈಲ್ ಮತ್ತು ಕಂಪ್ಯೂಟರ್‌ಗೆ ಬೇಕಾಗುವ ಬಿಡಿ ಸಾಮಾನು. ನೇರವಾಗಿಯೇ ಹೇಳುತ್ತೇನೆ ಸರ್.

ಮೊದಲು ಮರ್ಯಾದಸ್ತ ಕಾರಣ. ಒಂದು ಕೇಬಲ್ ಕಳಿಸಲಿ, ಮೂರು ಕಳಿಸಲಿ, ಕವರ್, ಟೇಪು, ಸಾಗಣೆ ಖರ್ಚು ಹೆಚ್ಚುಕಮ್ಮಿ ಅಷ್ಟೇ. ಅಗ್ಗದ ಸಾಮಾನನ್ನು ಒಂದೊಂದಾಗಿ ಮಾರಿದರೆ ಲಾಭವೆಲ್ಲ ಸಾಗಣೆಗೇ ಹೋಗುತ್ತದೆ. ಎರಡು ಮೂರು ಸೇರಿಸಿದರೆ ನಮಗೂ ಉಳಿಯುತ್ತದೆ, ನಿಮಗೂ ಕಮ್ಮಿ ಬೀಳುತ್ತದೆ. ಇದರಲ್ಲಿ ಮೋಸ ಇಲ್ಲ.

ಎರಡನೇ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಮೆಜಾನ್ ತರಹದ ಕಡೆ ಒಂದು ಸಾಮಾನಿಗೆ ಒಂದೇ ಪುಟ. ಅದನ್ನು ಮಾರುವ ಹತ್ತು ಜನ ಇದ್ದರೆ ಹತ್ತೂ ಜನ ಅದೇ ಪುಟದ ಕೆಳಗೆ ನಿಲ್ಲಬೇಕು. "ಕಾರ್ಟ್‌ಗೆ ಸೇರಿಸಿ" ಗುಂಡಿಯನ್ನು ನೀವು ಒತ್ತಿದಾಗ ಆರ್ಡರ್ ಹೋಗುವುದು ಒಬ್ಬನಿಗೆ. ರೇಟ್, ಡೆಲಿವರಿ ಎಲ್ಲ ನೋಡಿ ಅದು ಯಾರಿಗೆ ಅಂತ ಅವರ ಸಾಫ್ಟ್‌ವೇರ್ ತೀರ್ಮಾನ ಮಾಡುತ್ತದೆ. ಇವತ್ತು ನಾನು ರೇಟ್ ಇಳಿಸಿದರೆ ರಾತ್ರಿಗೆ ಇನ್ನೊಬ್ಬ ಇಳಿಸುತ್ತಾನೆ. ಕೊನೆಗೆ ಕಮಿಷನ್ ಕಳೆದರೆ ಯಾರಿಗೂ ಏನೂ ಉಳಿಯುವುದಿಲ್ಲ.

ಅದೇ ಸಾಮಾನಿಗೆ ಇನ್ನೇನೋ ಜೋಡಿಸಿ ಹೊಸ ಬಾರ್‌ಕೋಡ್ ತಗೊಂಡರೆ ಹೊಸ ಪುಟ ಸಿಗುತ್ತದೆ. ಆ ಪುಟದಲ್ಲಿ ನಾನೊಬ್ಬನೇ. ರೇಟ್ ನನ್ನದು, ಗುಂಡಿ ನನ್ನದು. ಅರ್ಧಕ್ಕರ್ಧ ಕಾಂಬೋಗಳು ಹುಟ್ಟುವುದು ಗಿರಾಕಿಗೆ ಬೇಕು ಅಂತ ಅಲ್ಲ, ಆ ಒಂದು ಪುಟಕ್ಕೋಸ್ಕರ.

ಸುಮ್ನೆ_ನೋಡ್ತೀನಿ

ಇಷ್ಟು ಸಲೀಸಾಗಿ ಒಪ್ಪಿಕೊಂಡ ಸೆಲ್ಲರ್ ಅನ್ನು ನಾನು ಇದುವರೆಗೂ ನೋಡಿಲ್ಲ. ಮುಂದುವರಿಸಿ ಸರ್, ಕೂತಿದ್ದೇನೆ.

ಲೆನ್ಸ್_ಮುಚ್ಚಳ

ಫೋಟೋ ತೆಗೆಯುವುದೇ ನನ್ನ ಕೆಲಸ. ಆ ಕಿಟ್ ಒಳಗೆ ಏನಿರುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ಹೊಸಬರು ಹೆಚ್ಚಾಗಿ ಬೀಳುವುದು ಇಲ್ಲೇ.

ಮೂರು ಫಿಲ್ಟರ್ ಇರುತ್ತವೆ: ಯುವಿ, ಪೋಲರೈಸರ್, ಎಫ್‌ಎಲ್‌ಡಿ. ಎಫ್‌ಎಲ್‌ಡಿ ಇದ್ದದ್ದು ಫಿಲ್ಮ್ ಕಾಲಕ್ಕೆ. ಟ್ಯೂಬ್‌ಲೈಟ್ ಕೆಳಗೆ ಫೋಟೋ ತೆಗೆದರೆ ಫಿಲ್ಮ್‌ನಲ್ಲಿ ಹಸಿರು ಛಾಯೆ ಬರುತ್ತಿತ್ತು. ಅದನ್ನು ತೆಗೆಯೋಕೆ ಈ ಫಿಲ್ಟರ್. ಡಿಜಿಟಲ್ ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸ್ (ಬಣ್ಣ ಸರಿಪಡಿಸುವ ಸೆಟ್ಟಿಂಗ್) ಬದಲಾಯಿಸಿದರೆ ಆ ಕೆಲಸ ಮುಗಿಯಿತು. ಯುವಿ ಫಿಲ್ಟರ್ ಕತೆಯೂ ಹೆಚ್ಚುಕಮ್ಮಿ ಇದೇ. ಅದು ತಡೆಯುವುದು ಅತಿನೇರಳೆ ಕಿರಣವನ್ನು, ಆ ಕಿರಣಕ್ಕೆ ಸೆನ್ಸರ್ ಮೇಲೆ ಆಗಲೇ ತಡೆ ಇರುತ್ತದೆ. ಗಾಜಿಗೆ ಗೀರು ಬೀಳದಿರಲಿ ಅಂತ ಹಾಕಿಕೊಳ್ಳಬಹುದು ಅಷ್ಟೇ. ಅದಕ್ಕೂ ಒಳ್ಳೇ ಗಾಜು ಬೇಕು. ಕಿಟ್‌ನಲ್ಲಿ ಬರುವ ಗಾಜಿಗೆ ಎದುರು ಬೆಳಕು ಬಿದ್ದರೆ ಫೋಟೋ ಪೂರ್ತಿ ಮಂಜು ಮಂಜು. ನೀರು, ಗಾಜಿನ ಮೇಲಿನ ಹೊಳಪು ತಗ್ಗಿಸುವ ಪೋಲರೈಸರ್ ನಿಜವಾಗಿಯೂ ಕೆಲಸಕ್ಕೆ ಬರುವ ಸಾಮಾನು. ಆದರೆ ಅದನ್ನು ಒಳ್ಳೆಯದು ತಗೊಂಡರೇ ಪ್ರಯೋಜನ.

ಆಮೇಲೆ "ವೈಡ್ ಲೆನ್ಸ್", "ಟೆಲಿಫೋಟೋ ಲೆನ್ಸ್" ಅಂತ ಎರಡು ಇರುತ್ತವೆ. ಅವು ಲೆನ್ಸ್ ಅಲ್ಲವೇ ಅಲ್ಲ. ನಿಮ್ಮ ಲೆನ್ಸ್ ಮುಂದೆ ತಿರುಗಿಸಿ ಕೂರಿಸುವ ಅಡಾಪ್ಟರ್. ಮೇಲೆ 0.43, 2.2 ಅಂತ ಬರೆದಿರುತ್ತದೆ. ಹಾಕಿ ತೆಗೆದರೆ ಮಧ್ಯೆ ಪರವಾಗಿಲ್ಲ, ಅಂಚೆಲ್ಲ ಕಲಸಿಹೋಗಿರುತ್ತದೆ. ಶೀರ್ಷಿಕೆಯಲ್ಲಿ ಮಾತ್ರ "3 ಲೆನ್ಸ್ ಕಿಟ್" ಅಂತ ಹಾಕಿರುತ್ತಾರೆ. ಇದನ್ನು ನಾನು ನೇರವಾಗಿ ಸುಳ್ಳು ಅಂತಲೇ ಕರೆಯುತ್ತೇನೆ.

ಮೆಮೊರಿ ಕಾರ್ಡ್ ನೋಡಿ. "128 ಜಿಬಿ" ಅಂತ ದೊಡ್ಡದಾಗಿ ಇರುತ್ತದೆ. ವೇಗ ಎಲ್ಲೂ ಇರುವುದಿಲ್ಲ. ಕ್ಲಾಸ್ 10 ಅಂದರೆ ಸೆಕೆಂಡಿಗೆ ಕನಿಷ್ಠ 10 ಎಂಬಿ ಬರೆಯುತ್ತದೆ ಅಂತ ಮಾತ್ರ ಅರ್ಥ. ಯು3 ಅಥವಾ ವಿ30 ಇದ್ದರೆ ಕನಿಷ್ಠ 30. 4ಕೆ ವಿಡಿಯೋ ತೆಗೆಯುವಾಗ ಕಾರ್ಡ್ ನಿಧಾನ ಇದ್ದರೆ ರೆಕಾರ್ಡಿಂಗ್ ಮಧ್ಯದಲ್ಲೇ ನಿಲ್ಲುತ್ತದೆ. ಜಿಬಿ ಜಾಸ್ತಿ ಇದ್ದು ಏನು ಬಂತು?

ಟ್ರೈಪಾಡ್ ಬಗ್ಗೆ ಬರೆಯೋಕೂ ಬೇಜಾರು. ಕ್ಯಾಮೆರಾ ಕೂರಿಸಿದರೆ ತಲೆ ಬಗ್ಗಿಸಿಕೊಂಡು ನಿಲ್ಲುತ್ತದೆ. ಇಷ್ಟೆಲ್ಲ ಹೇರಿಕೊಂಡು ಬರುವ ಕಿಟ್ ನೋಡಿದಾಗಲೆಲ್ಲ ನನಗೆ ಮೂಗಿಗಿಂತ ಮೂಗುತಿ ಭಾರ ಅನ್ನಿಸುತ್ತದೆ.

ಲೆನ್ಸ್_ಮುಚ್ಚಳ

ಒಂದು ಬಿಟ್ಟುಹೋಯಿತು. ಕಂಪನಿಯವರು ಬಾಡಿ ಮತ್ತು ಲೆನ್ಸ್ ಸೇರಿಸಿ ಒಂದು ಡಬ್ಬ ಮಾಡಿರುತ್ತಾರೆ. ಕೆಲವು ಸೆಲ್ಲರ್‌ಗಳು ಅದನ್ನು ಒಡೆದು ಬಾಡಿ ಒಬ್ಬರಿಗೆ, ಲೆನ್ಸ್ ಇನ್ನೊಬ್ಬರಿಗೆ ಮಾರುತ್ತಾರೆ. ಲೆನ್ಸ್ ಬರುವುದು ಹೆಸರಿಲ್ಲದ ಬಿಳಿ ಡಬ್ಬದಲ್ಲಿ. ಕಾಂಬೋ ಒಳಗೆ ಹೆಚ್ಚಾಗಿ ಬರುವುದು ಈ ಬಿಳಿ ಡಬ್ಬದ ಲೆನ್ಸೇ. ಲೆನ್ಸ್ ಚೆನ್ನಾಗಿಯೇ ಇರಬಹುದು. ಆದರೆ ಕಂಪನಿಯ ವಾರಂಟಿ ಸಿಗುತ್ತದೋ ಇಲ್ಲವೋ ಅಂತ ತಗೊಳ್ಳುವ ಮೊದಲೇ ಕೇಳಿ. "ಸೆಲ್ಲರ್ ವಾರಂಟಿ" ಅಂತ ಬರೆದಿದ್ದರೆ ಕಂಪನಿಯ ವಾರಂಟಿ ಇಲ್ಲ ಅಂತಲೇ ಓದಿಕೊಳ್ಳಿ.

ಒಪ್ಪಲ್ಲ_ಬಿಡಿ

ಎಲ್ಲ ಸರಿ. ಯಾರೂ ನಿಮ್ಮ ಕತ್ತು ಹಿಡಿದು ತಗೋ ಅನ್ನಲಿಲ್ಲವಲ್ಲ? ಪಟ್ಟಿ ಪುಟದಲ್ಲೇ ಇದೆ. ಓದದೇ ಒತ್ತಿದರೆ ತಪ್ಪು ಸೆಲ್ಲರ್‌ದಾ? ಹೊಸಬನಿಗೆ ಬ್ಯಾಗು, ಕಾರ್ಡು, ಟ್ರೈಪಾಡ್ ಎಲ್ಲ ಒಂದೇ ಸಲಕ್ಕೆ ಬಂದರೆ ಅನುಕೂಲವೇ. ಎಲ್ಲವನ್ನೂ ಹುಡುಕಿ ಹುಡುಕಿ ತಗೊಳ್ಳೋಕೆ ಎಲ್ಲರಿಗೂ ಪುರುಸೊತ್ತು ಇರುವುದಿಲ್ಲ.

ಪಟ್ಟಿ_ಓದುವವ

ಪುರುಸೊತ್ತು ಇಲ್ಲದವರಿಗೆ ಅನುಕೂಲ, ಒಪ್ಪಿದೆ. ಆದರೆ ಪಟ್ಟಿ ಓದಿದವರಿಗೂ ಉತ್ತರ ಸಿಗುವುದಿಲ್ಲ ಅನ್ನುವುದೇ ನನ್ನ ಮಾತು. "ಹೈ ಸ್ಪೀಡ್ ಕಾರ್ಡ್" ಅಂತ ಇದೆ. ಕಂಪನಿ ಇಲ್ಲ, ಮಾಡೆಲ್ ಇಲ್ಲ. ಏನನ್ನು ಅಂತ ಹೋಲಿಸಿ ನೋಡಲಿ? ಬೇಕಾದಷ್ಟು ಓದಬಹುದು, ಲೆಕ್ಕ ಹಾಕೋಕೆ ಮಾತ್ರ ಬಿಡುವುದಿಲ್ಲ. ಹಾಗೆ ಬರೆಯುವುದು ಗೊತ್ತಿದ್ದೇ ಬರೆಯುವುದು.

ಗೋಡೌನ್_ಕಡೆ

ನಾನು ಗೋಡೌನ್‌ನಲ್ಲಿ ಪ್ಯಾಕಿಂಗ್ ನೋಡಿಕೊಳ್ಳುತ್ತೇನೆ. ಸೆಟ್ ಅಂದರೆ ನಮಗೆ ತಲೆನೋವು, ಅದಕ್ಕೇ ಎರಡು ಮಾತು.

ಆನ್‌ಲೈನ್ ಮಾರುಕಟ್ಟೆಯವರ ಗೋಡೌನ್‌ಗೆ ಸೆಟ್ ಕಳಿಸಬೇಕಾದರೆ ಎಲ್ಲವನ್ನೂ ಒಂದೇ ಕವರ್‌ನಲ್ಲಿ ಹಾಕಿ ಸೀಲ್ ಮಾಡಬೇಕು. ಮೇಲೆ "ಇದು ಸೆಟ್, ಬೇರೆ ಮಾಡಬೇಡಿ" ಅಂತ ಚೀಟಿ ಅಂಟಿಸಬೇಕು. ಅಮೆಜಾನ್ ಗೋಡೌನ್‌ಗಳಲ್ಲಿ ಇದು ಕಡ್ಡಾಯ. ಇನ್ನೊಂದು ಮುಖ್ಯ ಕೆಲಸ, ಒಳಗಿನ ಒಂದೊಂದು ಸಾಮಾನಿನ ಬಾರ್‌ಕೋಡೂ ಹೊರಗೆ ಕಾಣದ ಹಾಗೆ ಮುಚ್ಚಬೇಕು. ಸೆಟ್‌ನ ಹೊಸ ಬಾರ್‌ಕೋಡ್ ಒಂದೇ ಕಾಣಬೇಕು. ಮುಚ್ಚದೇ ಬಿಟ್ಟರೆ ಸ್ಕ್ಯಾನರ್ ಯಾವುದನ್ನು ಓದುತ್ತದೋ ಗೊತ್ತಿಲ್ಲ. ಬ್ಯಾಗಿನ ಕೋಡ್ ಓದಿತು ಅಂದರೆ ಇಡೀ ಸೆಟ್ ಬ್ಯಾಗಿನ ಲೆಕ್ಕಕ್ಕೆ ಸೇರುತ್ತದೆ. ಬ್ಯಾಗ್ ಆರ್ಡರ್ ಮಾಡಿದವರ ಮನೆಗೆ ಕ್ಯಾಮೆರಾ ಹೋಗುತ್ತದೆ. ಸೆಟ್ ಆರ್ಡರ್ ಮಾಡಿದವರಿಗೆ ಬರೀ ಬ್ಯಾಗು.

ಹಾಗಾಗಿ "ಸೆಟ್ ಬಂತು, ಒಂದು ಐಟಂ ಇಲ್ಲ" ಅನ್ನುವ ದೂರು ಪ್ರತಿ ಸಲವೂ ಮೋಸ ಅಲ್ಲ. ಸೀಲ್ ಬಿಟ್ಟುಕೊಂಡಿರುತ್ತದೆ, ಚಿಕ್ಕ ಸಾಮಾನು ಉದುರಿರುತ್ತದೆ. ಆದರೆ ಯಾವಾಗಲೂ ಕಾಣೆ ಆಗುವುದು ಕಾರ್ಡೇ, ಬ್ರಷ್ಷು ಮಾತ್ರ ಯಾವತ್ತೂ ಕಾಣೆ ಆಗುವುದಿಲ್ಲ ಅಂದರೆ, ಅದು ಉದುರಿದ್ದಲ್ಲ.

ಎರಡು_ಸಲ_ಎಣಿಸು

ಮೇಲಿನವರು ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ. ಒಂದು ಕಡೆ ಪ್ರಿಂಟರ್ ಕಾಂಬೋ ತರಿಸಿದ್ದೆ. ಸೆಲ್ಲರ್ ಹೆಸರು ಬೇಡ. ಪ್ರಿಂಟರ್ ಚೆನ್ನಾಗಿತ್ತು. ಜೊತೆಗೆ ಬಂದ ಇಂಕ್ ಬೇರೆ ಮಾಡೆಲ್‌ದು. ಇಂಕ್ ಒಂದನ್ನೇ ವಾಪಸ್ ತಗೊಳ್ಳಿ ಅಂದರೆ ಆಗುವುದಿಲ್ಲವಂತೆ. ಸಾಫ್ಟ್‌ವೇರ್‌ನಲ್ಲಿ ಅದು ಒಂದೇ ಐಟಂ. ವಾಪಸ್ ಮಾಡಿದರೆ ಎಲ್ಲ ಮಾಡಬೇಕು. ಅಷ್ಟು ಹೊತ್ತಿಗೆ ಪ್ರಿಂಟರ್ ಕೂರಿಸಿ, ಜೊತೆಯಲ್ಲಿ ಬಂದ ಮೊದಲ ಇಂಕ್ ಹಾಕಿ ಆಗಿತ್ತು. ಬಳಸಿದ ಸಾಮಾನು ಅಂತ ಕಡಿತ ಮಾಡುತ್ತೇವೆ ಅಂದರು.

ಸಿಕ್ಕಿದ್ದು ಏನು ಗೊತ್ತಾ? "ನೀವೇ ಇಟ್ಟುಕೊಳ್ಳಿ, ಒಂದಿಷ್ಟು ವಾಪಸ್ ಕೊಡುತ್ತೇವೆ" ಅಂತ ಮೆಸೇಜು. ಆ "ಒಂದಿಷ್ಟು" ಎಷ್ಟು ಅಂತ ತೀರ್ಮಾನ ಮಾಡಿದ್ದೂ ಅವರೇ. ಇಂಕ್‌ಗೆ ಬಿಡಿ ರೇಟ್ ಪುಟದಲ್ಲಿ ಇರಲಿಲ್ಲವಲ್ಲ, ನಾನು ಯಾವ ಲೆಕ್ಕದ ಮೇಲೆ ಜಗಳ ಆಡಲಿ?

ಮಾರೋ_ಕಡೆಯವ

ಇದು ನಿಜ ಸರ್. ಕಾಂಬೋದಲ್ಲಿ ಅರ್ಧ ರಿಟರ್ನ್ ತಗೊಂಡರೆ ಉಳಿದರ್ಧವನ್ನು ನಾವು ಯಾವ ಲೆಕ್ಕಕ್ಕೂ ಸೇರಿಸೋಕೆ ಆಗುವುದಿಲ್ಲ. ಅದಕ್ಕೇ ಮೆಸೇಜ್ ಕಳಿಸಿ ಮುಗಿಸಿಬಿಡುವುದು.

ನಮ್ಮ ಕಡೆಯ ಕಷ್ಟವೂ ಕೇಳಿ. ಕಾಂಬೋ ರಿಟರ್ನ್ ಬಂದಾಗ ಒಳ್ಳೇದೆಲ್ಲ ತೆಗೆದುಕೊಂಡು ಬರೀ ಡಬ್ಬ ಕಳಿಸುವವರು ಇದ್ದಾರೆ. ಹತ್ತು ಐಟಂ ಇದ್ದರೆ ಹತ್ತನ್ನೂ ಪರೀಕ್ಷೆ ಮಾಡಬೇಕು. ಯಾರು ಮಾಡುತ್ತಾರೆ? ಡಬ್ಬ ತೆರೆಯುವಾಗ ವಿಡಿಯೋ ಮಾಡಿಟ್ಟುಕೊಳ್ಳಿ. ಹೊರಗಿನ ಚೀಟಿ, ಸೀಲು ಕಾಣುವ ಹಾಗೆ, ಎಲ್ಲೂ ಕಟ್ ಮಾಡದೇ. ವಿಡಿಯೋ ಇದ್ದರೆ ನನ್ನಂಥವನು ವಾದ ಮಾಡುವುದಿಲ್ಲ.

ಬಿಡಿ_ಲೆಕ್ಕ

ಕಿಟ್ ಬಿಡಿ, ಬರೀ "3ರ ಪ್ಯಾಕ್" ನೋಡಿ. ಒಂದೇ ತರಹದ ಮೂರು ಸಾಮಾನು. ಇದರಲ್ಲಿ ಅಡಗಿಸೋಕೆ ಏನೂ ಇಲ್ಲ ಅಂದುಕೊಳ್ಳುತ್ತೇವೆ. ಒಂದಕ್ಕೆ 100 ಇದ್ದರೆ ಮೂರಕ್ಕೆ 270 ಇರಬೇಕು ಅಂತ ನಮ್ಮ ತಲೆ ತಾನಾಗಿಯೇ ಲೆಕ್ಕ ಹಾಕುತ್ತದೆ. ಹೋಗಿ ನೋಡಿದರೆ 340 ಇರುತ್ತದೆ. ಪ್ಯಾಕ್ ದೊಡ್ಡದಾದರೆ ರೇಟ್ ಕಮ್ಮಿ ಅನ್ನುವ ನಮ್ಮ ನಂಬಿಕೆಯ ಮೇಲೆಯೇ ಈ ವ್ಯಾಪಾರ ನಿಂತಿದೆ.

ಯುರೋಪಿಯನ್ ಒಕ್ಕೂಟದಲ್ಲಿ 1998ರಿಂದ ಒಂದು ನಿರ್ದೇಶನ ಇದೆ. ಗ್ರಾಹಕರಿಗೆ ಮಾರುವ ಸಾಮಾನಿಗೆ ಒಟ್ಟು ರೇಟ್ ಜೊತೆ ಕಿಲೋಗೆ ಎಷ್ಟು, ಲೀಟರ್‌ಗೆ ಎಷ್ಟು ಅಂತಲೂ ತೋರಿಸಬೇಕು. ಅಂಥ ಒಂದು ಸಾಲು ಇದ್ದರೆ ಈ ಆಟ ನಡೆಯುವುದಿಲ್ಲ. ಆದರೆ ಬೇರೆ ಬೇರೆ ಸಾಮಾನು ಸೇರಿಸಿದ ಕಿಟ್‌ಗೆ ಕಿಲೋ ಲೆಕ್ಕ ಹೇಗೆ ಹಾಕುವುದು? ಬೆರಕೆ ಕಾಂಬೋ ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಅನುಮಾನ.

ಇನ್ನೊಂದು. ಕಂಪನಿಯವರು 12ರ ಪ್ಯಾಕ್ ಮಾಡಿರುತ್ತಾರೆ. ಒಳಗಿನ ಪೊಟ್ಟಣದ ಮೇಲೆ "ಬಿಡಿಯಾಗಿ ಮಾರಬಾರದು" ಅಂತ ಅಚ್ಚು ಹಾಕಿರುತ್ತಾರೆ. ಅದನ್ನೇ ಒಡೆದು ನಾಲ್ಕು ನಾಲ್ಕು ಮಾಡಿ ಮಾರುತ್ತಾರೆ. ತಯಾರಾದ ದಿನ, ಮುಗಿಯುವ ದಿನ ಎಲ್ಲ ಹೊರಗಿನ ಡಬ್ಬದ ಮೇಲೆ ಇತ್ತು. ಡಬ್ಬ ಕಸಕ್ಕೆ ಹೋಯಿತು. ದಿನಾಂಕ ಇರುವ ಸಾಮಾನು ಪ್ಯಾಕ್‌ನಲ್ಲಿ ತಗೊಂಡರೆ ಮೊದಲು ಅದನ್ನೇ ಹುಡುಕಿ.

ಡ್ರಾಪ್‌ಡೌನ್_ದ್ವೇಷಿ

ಕಾಂಬೋಗಿಂತ ನನಗೆ ಸಿಟ್ಟು ಬರುವುದು ಡ್ರಾಪ್‌ಡೌನ್ (ಪುಟದಲ್ಲಿ ಬಿಚ್ಚಿಕೊಳ್ಳುವ ಆಯ್ಕೆಗಳ ಪಟ್ಟಿ) ಆಟಕ್ಕೆ. ಇದೂ ಅದರ ಅಣ್ಣತಮ್ಮನೇ.

ಹೆಡ್‌ಫೋನ್ ಅಂತ ಹುಡುಕಿದರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಮ್ಮಿ ರೇಟ್‌ನಲ್ಲಿ ಒಂದು ಕಾಣುತ್ತದೆ. ಒತ್ತಿ ಒಳಗೆ ಹೋದರೆ ಆಯ್ಕೆಗಳು: ಕಪ್ಪು ಹೆಡ್‌ಫೋನ್, ಬಿಳಿ ಹೆಡ್‌ಫೋನ್, ಹೆಡ್‌ಫೋನ್ ಮತ್ತು ಕೇಸ್, "ಕೇಬಲ್ ಮಾತ್ರ". ಆ ಕಮ್ಮಿ ರೇಟ್ ಕೇಬಲ್‌ದು. ರೇಟ್ ಪ್ರಕಾರ ಜೋಡಿಸಿ ನೋಡುವವರ ಕಣ್ಣಿಗೆ ಮಣ್ಣೆರಚೋಕೆ ಅಂತಲೇ ಆ ಕೇಬಲ್ ಅನ್ನು ಅಲ್ಲಿ ತುರುಕಿರುವುದು. ಇಬೇ ನಿಯಮಗಳಲ್ಲಿ ಹುಡುಕಾಟವನ್ನು ತಿರುಚುವುದರ ವಿರುದ್ಧ ಬೇರೆಯೇ ಒಂದು ನೀತಿ ಇದೆ. ಆದರೂ ಇಂಥದ್ದು ಸಿಗುತ್ತಲೇ ಇರುತ್ತದೆ.

ಇದರ ಇನ್ನೊಂದು ರೂಪ ರಿವ್ಯೂ ಕದಿಯುವುದು. ಚೆನ್ನಾಗಿ ಓಡುತ್ತಿರುವ ಹಳೇ ಸಾಮಾನಿನ ಪುಟಕ್ಕೆ ಹೊಸದೊಂದನ್ನು "ಇನ್ನೊಂದು ಆಯ್ಕೆ" ಅಂತ ಜೋಡಿಸುತ್ತಾರೆ. ಹಳೆಯದರ ಸ್ಟಾರ್‌ಗಳೆಲ್ಲ ಹೊಸದಕ್ಕೂ ಬರುತ್ತವೆ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರ ಫೆಬ್ರವರಿಯಲ್ಲಿ ವಿಟಮಿನ್ ಮಾರುವ 'ದಿ ಬೌಂಟಿಫುಲ್ ಕಂಪನಿ' ವಿರುದ್ಧ ಇದೇ ಆರೋಪ ಹೊರಿಸಿತು. ಬೇರೆ ಬೇರೆ ವಿಟಮಿನ್‌ಗಳನ್ನು ಅಮೆಜಾನ್‌ನಲ್ಲಿ ಒಂದೇ ಸಾಮಾನಿನ ಆಯ್ಕೆಗಳು ಅನ್ನುವ ಹಾಗೆ ಸೇರಿಸಿದ್ದರು ಅನ್ನುವುದು ದೂರು. 6 ಲಕ್ಷ ಡಾಲರ್ ಕಟ್ಟಬೇಕಾಯಿತು. ರಿವ್ಯೂ ಕದಿಯುವುದರ ಬಗ್ಗೆ ಕಮಿಷನ್ ಹಾಕಿದ ಮೊದಲ ಕೇಸ್ ಅದು. ಆದರೆ 2024ರಲ್ಲಿ ಅವರೇ ಸುಳ್ಳು ರಿವ್ಯೂ ಬಗ್ಗೆ ಹೊಸ ನಿಯಮ ತಂದಾಗ, ಕರಡಿನಲ್ಲಿ ಇದ್ದ ಈ ಭಾಗವನ್ನು ಕೊನೆಗೆ ಕೈಬಿಟ್ಟರು. ಹಿಡಿಯೋಕೆ ಹೋದದ್ದನ್ನು ಬಿಟ್ಟೇಬಿಟ್ಟರು ನೋಡಿ.

ಕಾಂಬೋ ಪುಟದ ರಿವ್ಯೂಗಳನ್ನು ಓದುವಾಗ "ಕ್ಯಾಮೆರಾ ಸೂಪರ್" ಅನ್ನುವವನ್ನೆಲ್ಲ ಪಕ್ಕಕ್ಕೆ ಇಡಿ. ಅದು ಕ್ಯಾಮೆರಾ ಕಂಪನಿಗೆ ಸಿಕ್ಕ ಸ್ಟಾರು. ಬ್ಯಾಗು, ಕಾರ್ಡು, ಟ್ರೈಪಾಡ್ ಬಗ್ಗೆ ಯಾರು ಏನು ಬರೆದಿದ್ದಾರೆ ಅಂತ ಮಾತ್ರ ಹುಡುಕಿ.

ಕಲಂ_ಓದುಗ

ಕಾನೂನು ವಿಷಯ ಬಂದಿದ್ದಕ್ಕೆ ನಾನೂ ಸ್ವಲ್ಪ ಬರೆಯುತ್ತೇನೆ. ಒಟ್ಟಿಗೆ ಮಾರುವುದೇ ತಪ್ಪು ಅಂತ ಕೆಲವರು ತಿಳಿದಿದ್ದಾರೆ. ಹಾಗಿಲ್ಲ.

ಬೆಲ್ಜಿಯಂನಲ್ಲಿ ಇಂಥ ಜೋಡಿ ಆಫರ್‌ಗಳಿಗೆ ಸಾರಾಸಗಟಾಗಿ ನಿಷೇಧ ಇತ್ತು. 2009ರಲ್ಲಿ ಐರೋಪ್ಯ ನ್ಯಾಯಾಲಯ ಹಾಗೆ ಒಂದೇ ಏಟಿಗೆ ನಿಷೇಧ ಹಾಕುವ ಹಾಗಿಲ್ಲ ಅಂತು. ಒಂದೊಂದು ಪ್ರಕರಣದಲ್ಲೂ ಗ್ರಾಹಕನಿಗೆ ಅನ್ಯಾಯ ಆಗಿದೆಯಾ ಅಂತ ನೋಡಬೇಕು. 2016ರಲ್ಲಿ ಅದೇ ನ್ಯಾಯಾಲಯದ ಮುಂದೆ ಸೋನಿ ಲ್ಯಾಪ್‌ಟಾಪ್ ಕೇಸ್ ಬಂತು. ವಿಂಡೋಸ್ ಹಾಕಿಯೇ ಮಾರುತ್ತಾರೆ, ಸಾಫ್ಟ್‌ವೇರ್‌ಗೆ ಎಷ್ಟು ಅಂತ ಬೇರೆ ಹೇಳುವುದಿಲ್ಲ ಅನ್ನುವುದು ಫ್ರಾನ್ಸ್‌ನ ಒಬ್ಬ ಗ್ರಾಹಕನ ತಕರಾರು. ಕೋರ್ಟ್ ಒಪ್ಪಲಿಲ್ಲ. ಕೊಳ್ಳುವ ಮೊದಲೇ ಸಾಫ್ಟ್‌ವೇರ್ ಸೇರಿದೆ ಅಂತ ಸರಿಯಾಗಿ ತಿಳಿಸಿದ್ದರೆ, ಒಳಗಿನ ಒಂದೊಂದರ ರೇಟ್ ಹೇಳದೇ ಇದ್ದದ್ದು ಮಾತ್ರಕ್ಕೇ ದಾರಿತಪ್ಪಿಸಿದ ಹಾಗಲ್ಲ ಅಂತ ತೀರ್ಪು.

ಪಟ್ಟಿ ಓದುವವರೇ, ನಿಮ್ಮ ಮೂಲ ಪ್ರಶ್ನೆಗೆ ಇದು ಸ್ವಲ್ಪ ಕಹಿ ಉತ್ತರ. ಬಿಡಿ ರೇಟ್ ತೋರಿಸದಿರುವುದನ್ನು ಹಿಡಿದು ಕೋರ್ಟ್‌ಗೆ ಹೋದರೆ ಗೆಲ್ಲುವುದು ಕಷ್ಟ.

"ಉಚಿತ" ಅಂತ ಬರೆದರೆ ಮಾತ್ರ ಕತೆ ಬೇರೆ. ಅಮೆರಿಕದಲ್ಲಿ 1971ರ ಮಾರ್ಗಸೂಚಿ ಇದೆ. ಒಂದು ಕೊಂಡರೆ ಇನ್ನೊಂದು ಉಚಿತ ಅಂದ ಮೇಲೆ, ಕೊಳ್ಳುವ ಸಾಮಾನಿನ ರೇಟ್ ಏರಿಸಿ ಉಚಿತದ ಖರ್ಚು ವಸೂಲಿ ಮಾಡುವ ಹಾಗಿಲ್ಲ. ಯುರೋಪಿನಲ್ಲಿ 2022ರ ಮೇ 28ರಿಂದ ರಿಯಾಯಿತಿ ಅಂತ ತೋರಿಸಬೇಕಾದರೆ ಹಿಂದಿನ 30 ದಿನದ ಅತಿ ಕಮ್ಮಿ ರೇಟ್ ಹೇಳಬೇಕು. ಹೊಸ ಕಾಂಬೋ ಪುಟಕ್ಕೆ ಹಿಂದಿನ 30 ದಿನವೇ ಇರುವುದಿಲ್ಲ ಅನ್ನುವುದು ಬೇರೆ ಮಾತು.

ಕೇಳದೇ ಕಾರ್ಟ್‌ಗೆ ತುರುಕುವುದಕ್ಕೆ ಎಲ್ಲ ಕಡೆಯೂ ತಡೆ ಬರುತ್ತಿದೆ. ಮೊದಲೇ ಟಿಕ್ ಹಾಕಿಟ್ಟ ಚೌಕಕ್ಕೆ ಯುರೋಪಿನಲ್ಲಿ ಬೆಲೆ ಇಲ್ಲ. ಹಾಗೆ ಕಟ್ಟಿಸಿಕೊಂಡ ಹಣ ವಾಪಸ್ ಕೊಡಬೇಕು, 2011ರ ನಿರ್ದೇಶನದಲ್ಲೇ ಇದೆ. ಭಾರತದಲ್ಲಿ 2023ರ ನವೆಂಬರ್ 30ರ ಮಾರ್ಗಸೂಚಿ 13 ತರಹದ ಚಾಲಾಕಿಗಳನ್ನು ಹೆಸರಿಸಿದೆ. ಗೊತ್ತಾಗದ ಹಾಗೆ ಕಾರ್ಟ್‌ಗೆ ಸಾಮಾನು ಸೇರಿಸಿ ಮೊತ್ತ ಏರಿಸುವುದು ಅದರಲ್ಲಿ ಒಂದು. ಉಚಿತ ಸ್ಯಾಂಪಲ್ ಸೇರಿಸಿದರೆ ಅದು ತಪ್ಪಲ್ಲ ಅಂತಲೂ ಅಲ್ಲೇ ಬರೆದಿದ್ದಾರೆ.

ಸುಮ್ನೆ_ನೋಡ್ತೀನಿ

ಅಂದರೆ ಕಾನೂನು ಪ್ರಕಾರ ಕಸ ಕೊಡಬಹುದು, ಕಸ ಅಂತ ಫೋಟೋದಲ್ಲಿ ಕಂಡರೆ ಸಾಕು!

ಕಲಂ_ಓದುಗ

ಕಂಡರೆ ಸಾಲದು, ಸುಳ್ಳೂ ಇರಬಾರದು. ಅಡಾಪ್ಟರ್ ಅನ್ನು ಲೆನ್ಸ್ ಅಂತ ಕರೆದರೆ ಅದನ್ನು ಹಿಡಿದು ದೂರು ಕೊಡಬಹುದು. ರೇಟ್ ಜಾಸ್ತಿ ಆಯಿತು ಅಂತ ಕೊಟ್ಟರೆ ಯಾರೂ ಕೇಳುವುದಿಲ್ಲ.

ಹಳೇ_ಡೀಲರ್

ಎಲ್ಲರೂ ಕಾಂಬೋಗೆ ಬೈಯುತ್ತಿದ್ದೀರಿ. ಒಂದು ವಿಷಯ ಯಾರೂ ಹೇಳಲಿಲ್ಲ. ಕೆಲವು ಬ್ರ್ಯಾಂಡ್‌ಗಳು ಡೀಲರ್‌ಗಳಿಗೆ "ಇಷ್ಟಕ್ಕಿಂತ ಕಮ್ಮಿ ರೇಟ್ ಜಾಹೀರಾತಿನಲ್ಲಿ ತೋರಿಸಬಾರದು" ಅಂತ ಕಟ್ಟು ಹಾಕಿರುತ್ತವೆ. ಅಮೆರಿಕದಲ್ಲಿ ಇದು ಮಾಮೂಲು. ಡೀಲರ್‌ಗೆ ರೇಟ್ ಇಳಿಸುವ ಮನಸ್ಸಿದ್ದರೂ ಪುಟದಲ್ಲಿ ಇಳಿಸುವ ಹಾಗಿಲ್ಲ. ಆಗ ಏನು ಮಾಡುತ್ತಾನೆ? ಅದೇ ರೇಟ್‌ಗೆ ಒಳ್ಳೇ ಕಾರ್ಡ್, ಒರಿಜಿನಲ್ ಬ್ಯಾಟರಿ ಸೇರಿಸಿ ಕೊಡುತ್ತಾನೆ. ಅದು ನಿಜವಾದ ರಿಯಾಯಿತಿ, ಸಾಮಾನಿನ ರೂಪದಲ್ಲಿ ಬಂದಿದೆ ಅಷ್ಟೇ.

ಗುರುತು ಹಿಡಿಯುವುದು ಸುಲಭ. ಒಳ್ಳೇ ಡೀಲರ್ ಮೂರು ಐಟಂ ಸೇರಿಸುತ್ತಾನೆ, ಮೂರಕ್ಕೂ ಕಂಪನಿ ಹೆಸರು, ಮಾಡೆಲ್ ನಂಬರ್ ಇರುತ್ತದೆ. ಬಾಡಿ ಮಾತ್ರದ ಪುಟವೂ ಅವನ ಹತ್ತಿರವೇ ಇರುತ್ತದೆ, ಅದೇ ರೇಟ್‌ಗೆ.

ಪಟ್ಟಿ_ಓದುವವ

ಇದು ನನಗೆ ಹೊಸದು. ಇಂಥ ಕಾಂಬೋ ಸಿಕ್ಕರೆ ನಾನೇ ಕಣ್ಣುಮುಚ್ಚಿ ತಗೊಳ್ಳುತ್ತೇನೆ. ಬಾಡಿ ಪುಟವನ್ನೂ ಪಕ್ಕದಲ್ಲೇ ಇಟ್ಟಿದ್ದಾನಲ್ಲ, ಅವನಿಗೆ ಅಡಗಿಸುವುದು ಏನೂ ಇಲ್ಲ.

ತಲೆ_ಓಡಿಸು

ಪಾಠ ಹೇಳುವ ಕೆಲಸ ನನ್ನದು, ಹಾಗಾಗಿ ಹಳೇ ಕತೆ ಒಂದೆರಡು. ಟಿವಿ ಸ್ಟೇಷನ್‌ಗಳಿಗೆ ಸಿನಿಮಾ ಮಾರುವಾಗ ಒಳ್ಳೇ ಸಿನಿಮಾ ಬೇಕಾದರೆ ಜೊತೆಗೆ ಓಡದ ಸಿನಿಮಾಗಳನ್ನೂ ತಗೊಳ್ಳಬೇಕು ಅನ್ನುವ ಪದ್ಧತಿ ಅಮೆರಿಕದಲ್ಲಿತ್ತು. 1962ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದು ತಪ್ಪು ಅಂತು. ಮರು ವರ್ಷವೇ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ ಬೇರೆ ಕೋನದಿಂದ ನೋಡಿದರು. ಒಬ್ಬನಿಗೆ ಒಂದು ಜಾಸ್ತಿ ಇಷ್ಟ, ಇನ್ನೊಬ್ಬನಿಗೆ ಇನ್ನೊಂದು. ಬಿಡಿಯಾಗಿ ಮಾರಿದರೆ ಇಬ್ಬರಿಗೂ ಎಟಕುವ ರೇಟ್ ಇಡಬೇಕು. ಸೇರಿಸಿ ಮಾರಿದರೆ ಇಬ್ಬರಿಂದಲೂ ಜಾಸ್ತಿ ಸಿಗುತ್ತದೆ. ಅಂದರೆ ಕಾಂಬೋದಲ್ಲಿ ಸಾಮಾನು ಕೆಟ್ಟದಿರಬೇಕು ಅಂತೇನೂ ಇಲ್ಲ, ಒಳ್ಳೇ ಸಾಮಾನಿದ್ದರೂ ಮಾರುವವನಿಗೆ ಲಾಭ.

ಇನ್ನೊಂದು ಮಜಾ ಇದೆ. 1998ರಲ್ಲಿ ಕ್ರಿಸ್ಟೋಫರ್ ಶೀ ಅನ್ನುವ ಸಂಶೋಧಕರು ಪಿಂಗಾಣಿ ಸೆಟ್ ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಒಂದರಲ್ಲಿ 24 ತಟ್ಟೆ ಬಟ್ಟಲು, ಎಲ್ಲ ಚೆನ್ನಾಗಿವೆ. ಇನ್ನೊಂದರಲ್ಲಿ ಅದೇ 24, ಜೊತೆಗೆ ಇನ್ನೂ 16. ಆದರೆ ಆ 16ರಲ್ಲಿ 9 ಒಡೆದಿವೆ. ಒಟ್ಟು ಲೆಕ್ಕ ಹಾಕಿದರೆ ಎರಡನೆಯದರಲ್ಲಿ 31 ಚೆನ್ನಾಗಿವೆ. ಆದರೂ ಎರಡನ್ನೂ ಬೇರೆ ಬೇರೆ ಜನಕ್ಕೆ ತೋರಿಸಿದಾಗ 24ರ ಸೆಟ್‌ಗೇ ಜಾಸ್ತಿ ಬೆಲೆ ಕಟ್ಟಿದರು. ಒಡೆದದ್ದು ಕಣ್ಣಿಗೆ ಬಿದ್ದರೆ ಇಡೀ ಸೆಟ್‌ನ ಬೆಲೆ ಇಳಿಯುತ್ತದೆ. ಕಿಟ್ ಮಾಡುವವರು ಅದಕ್ಕೇ ಫೋಟೋವನ್ನು ಅಷ್ಟು ಚೆನ್ನಾಗಿ ತೆಗೆಯುವುದು. ಟ್ರೈಪಾಡ್‌ನ ಅಳ್ಳಕ ಕಾಲು ಫೋಟೋದಲ್ಲಿ ಕಾಣುವುದಿಲ್ಲ.

ಹೊಸಬ_ಇಲ್ಲಿ

ಒಂದು ಅನುಮಾನ. "ಇವನ್ನು ಒಟ್ಟಿಗೆ ಕೊಳ್ಳುತ್ತಾರೆ" ಅಂತ ಮೂರು ಸಾಮಾನು ಕೂಡಿಸಿ ತೋರಿಸುತ್ತಾರಲ್ಲ, ಅದೂ ಇದೇನಾ? ಅದರಲ್ಲಿ ರೇಟ್ ಕಮ್ಮಿ ಇರುತ್ತದಾ?

ಗೋಡೌನ್_ಕಡೆ

ಅದು ಬೇರೆ. ಅದನ್ನು ಸೆಲ್ಲರ್ ಮಾಡುವುದಿಲ್ಲ, ಬೇರೆಯವರು ಏನು ತಗೊಂಡರು ಅಂತ ನೋಡಿ ಸಾಫ್ಟ್‌ವೇರ್ ತೋರಿಸುತ್ತದೆ. ಸಾಮಾನ್ಯವಾಗಿ ರೇಟ್ ಕಮ್ಮಿ ಏನೂ ಆಗಿರುವುದಿಲ್ಲ, ಮೂರನ್ನೂ ಕೂಡಿಸಿ ಮೊತ್ತ ಬರೆದಿರುತ್ತಾರೆ ಅಷ್ಟೇ. ಮೂರಕ್ಕೂ ಮೂರು ಸೆಲ್ಲರ್ ಇರಬಹುದು. ಒಳ್ಳೇದು ಏನಂದರೆ ಒಂದನ್ನು ಮಾತ್ರ ರಿಟರ್ನ್ ಮಾಡಬಹುದು, ಬಿಲ್‌ನಲ್ಲೂ ಬೇರೆ ಬೇರೆ ಸಾಲು.

ಮೂರನೇ ತರಹ ಇನ್ನೊಂದಿದೆ. ಅಮೆಜಾನ್‌ನಲ್ಲಿ ಬ್ರ್ಯಾಂಡ್ ಮಾಲೀಕರಿಗೆ ಮಾತ್ರ ಸಿಗುವ ವರ್ಚುವಲ್ ಬಂಡಲ್. 2ರಿಂದ 5 ಸಾಮಾನುಗಳನ್ನು ಪುಟದಲ್ಲಿ ಮಾತ್ರ ಸೇರಿಸುತ್ತಾರೆ, ಗೋಡೌನ್‌ನಲ್ಲಿ ಬೇರೆ ಬೇರೆಯೇ ಇರುತ್ತವೆ. ಒಂದೊಂದರ ಪುಟಕ್ಕೂ ಲಿಂಕ್ ಇರುತ್ತದೆ. ಹೋಲಿಸಿ ನೋಡೋಕೆ ಇದು ಎಷ್ಟೋ ವಾಸಿ.

ಮಾರೋ_ಕಡೆಯವ

ಅಮೆಜಾನ್ 2021ರ ಅಕ್ಟೋಬರ್‌ನಲ್ಲಿ ಬಂಡಲ್ (ಕಾಂಬೋ) ನಿಯಮ ಬಿಗಿ ಮಾಡಿ, ಬೇರೆ ಬೇರೆ ಬ್ರ್ಯಾಂಡ್‌ಗಳನ್ನು ಸೇರಿಸಿ ಮಾರುವುದಕ್ಕೆ ಕಡಿವಾಣ ಹಾಕಿತು. ಅದಕ್ಕೂ ಮೊದಲೇ, ಸೇರಿಸುವ ಸಾಮಾನು ಒಂದಕ್ಕೊಂದು ಹೊಂದುವಂತಿರಬೇಕು ಅಂತ ಇತ್ತು. ನಿಯಮ ಚೆನ್ನಾಗಿಯೇ ಇದೆ. ಪಾಲಿಸುವವರು ವ್ಯಾಪಾರ ಕಳೆದುಕೊಳ್ಳುತ್ತೇವೆ, ಪಾಲಿಸದವರು ಹೊಸ ಹೆಸರಲ್ಲಿ ಅಂಗಡಿ ತೆರೆಯುತ್ತಾರೆ.

ಪಟ್ಟಿ_ಓದುವವ

ಸರ್, ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಕಾಂಬೋ ಪುಟದಲ್ಲಿ ಬಿಡಿ ರೇಟ್ ಹಾಕುತ್ತೀರಾ?

ಮಾರೋ_ಕಡೆಯವ

ಇಲ್ಲ. ಹಾಕಿದ ದಿನವೇ ಪಕ್ಕದವನು ಆ ಲೆಕ್ಕ ನೋಡಿ ಅದಕ್ಕಿಂತ ಕಮ್ಮಿಗೆ ಇನ್ನೊಂದು ಕಾಂಬೋ ಮಾಡುತ್ತಾನೆ. ಆ ಪುಟಕ್ಕೋಸ್ಕರವೇ ಕಾಂಬೋ ಮಾಡಿದ್ದು ಅಂತ ಆಗಲೇ ಹೇಳಿದೆನಲ್ಲ.

ಪಟ್ಟಿ_ಓದುವವ

ಸರಿ, ರೇಟ್ ಬೇಡ. ಕಂಪನಿ ಡಬ್ಬದಲ್ಲೇ ಬರುವುದು ಯಾವುದು, ನೀವು ಸೇರಿಸಿದ್ದು ಯಾವುದು ಅಂತ ಎರಡು ಭಾಗ ಮಾಡಿ, ಸೇರಿಸಿದ್ದಕ್ಕೆ ಮಾಡೆಲ್ ನಂಬರ್ ಕೊಡಿ. ಅದಾದರೂ ಆಗುತ್ತದಾ?

ಮಾರೋ_ಕಡೆಯವ

ಅದು ಆಗುತ್ತದೆ. ಸುಮಾರು ಪುಟಗಳಲ್ಲಿ ಈಗಲೇ ಇದೆ, ಉಳಿದದ್ದಕ್ಕೂ ಹಾಕಿಸಬಹುದು. ಶೀರ್ಷಿಕೆಯಲ್ಲಿರುವ ಐಟಂ ಸಂಖ್ಯೆ ತೆಗೆಯಿರಿ ಅಂದರೆ ಮಾತ್ರ ಆಗುವುದಿಲ್ಲ. ಪಕ್ಕದವನದ್ದು 12 ಇರುವಾಗ ನನ್ನದು 4 ಅಂತಿದ್ದರೆ ಯಾರೂ ಒತ್ತುವುದಿಲ್ಲ. ಎಣಿಸಿ ಎಣಿಸಿ ನಮಗೆ ಈ ಅಭ್ಯಾಸ ಮಾಡಿಸಿದವರು ಗಿರಾಕಿಗಳೂ ಹೌದು.

ಎರಡು_ಸಲ_ಎಣಿಸು

ಬಿಲ್‌ನಲ್ಲಿ ಬೇರೆ ಬೇರೆ ಸಾಲು ಕೊಡಬಹುದಲ್ಲ? ವಾರಂಟಿಗೆ ಹೋದಾಗ ಬಿಲ್‌ನಲ್ಲಿ ಬರೀ "ಕಾಂಬೋ ಕಿಟ್" ಅಂತ ಇದ್ದರೆ ಸರ್ವಿಸ್ ಸೆಂಟರ್‌ನವರು ಮಾಡೆಲ್ ಎಲ್ಲಿ ಅಂತ ಕೇಳುತ್ತಾರೆ.

ಮಾರೋ_ಕಡೆಯವ

ಬಿಲ್ ಮಾಡುವುದು ಮಾರುಕಟ್ಟೆಯ ಸಾಫ್ಟ್‌ವೇರ್. ಒಂದು ಬಾರ್‌ಕೋಡ್ ಅಂದರೆ ಒಂದು ಸಾಲು. ಅದು ನನ್ನ ಕೈಲಿಲ್ಲ. ಸೀರಿಯಲ್ ನಂಬರ್, ಮಾಡೆಲ್, ಆರ್ಡರ್ ನಂಬರ್ ಬರೆದು ಸಹಿ ಹಾಕಿದ ಚೀಟಿ ಬೇಕಾದರೆ ಡಬ್ಬದೊಳಗೆ ಇಡಬಹುದು. ಸರ್ವಿಸ್ ಸೆಂಟರ್‌ನವರು ಅದನ್ನು ಒಪ್ಪುತ್ತಾರಾ?

ಹಳೇ_ಡೀಲರ್

ಬಿಲ್ ಜೊತೆ ಇಟ್ಟು ಕೊಟ್ಟರೆ ಕೆಲವರು ಒಪ್ಪುತ್ತಾರೆ. ಸೀಲೂ ಹಾಕಿ ಕಳಿಸಿ. ಬರೀ ಸಹಿ ಇದ್ದರೆ ಯಾರ ಸಹಿ ಅಂತ ಕೇಳುತ್ತಾರೆ.